ಕೈಗೆ ಬಲ ಉಂಟು, ಆದರೆ ಎಡಬದಿಯೇ ಇಲ್ಲ: ಪೆರೈಟಲ್ ಹಾಲೆಯ ಹಾನಿಯನ್ನು ಮನೆಯಲ್ಲೇ ಗುರುತಿಸುವುದು ಹೇಗೆ?

ಬದಿಯಡ್ಕ_ಕೈಪಿಡಿ ಕೇಳಿದ ಪ್ರಶ್ನೆ

ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಭಾಗದಲ್ಲಿ ಮನೆಮನೆಗೆ ಹೋಗುವ ಪಾಲಿಯೇಟಿವ್ ಸ್ವಯಂಸೇವಕರಿಗಾಗಿ ಸ್ಟ್ರೋಕ್ ಆರೈಕೆಯ ಕನ್ನಡ ಕೈಪಿಡಿಯೊಂದು ತಯಾರಾಗುತ್ತಾ ಉಂಟು. ಕೈಕಾಲು ಬೀಳುವುದು, ಮಾತು ನಿಲ್ಲುವುದು, ನುಂಗುವ ತೊಂದರೆ, ಬೆನ್ನುಹುಣ್ಣು, ಇಷ್ಟರ ಪುಟಗಳು ಮುಗಿದವು. ಗಾಡಿ ನಿಂತದ್ದು ಮೆದುಳಿನ ಪೆರೈಟಲ್ ಹಾಲೆಯ ಪುಟದಲ್ಲಿ.

ಡಿಸ್ಚಾರ್ಜ್ ಸಮ್ಮರಿಯಲ್ಲಿ "ರೈಟ್ ಪೆರೈಟಲ್ ಇನ್‌ಫಾರ್ಕ್ಟ್, ಪವರ್ 4+/5" ಎಂದಿರುತ್ತದೆ, ಅಂದರೆ ಬಲಬದಿಯ ಪೆರೈಟಲ್ ಹಾಲೆಯ ಒಂದು ಭಾಗ ರಕ್ತ ಸಿಗದೆ ಸತ್ತಿದೆ, ಕೈಕಾಲಿನ ಶಕ್ತಿ ಐದರಲ್ಲಿ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಮನೆಯವರ ಕಣ್ಣಿಗೆ ಬೀಳುವುದು ಕೊನೆಯ ಅಂಕಿ ಮಾತ್ರ. ಕೈಕಾಲಿಗೆ ಹೆಚ್ಚುಕಡಿಮೆ ಪೂರ್ತಿ ಬಲ ಉಂಟಲ್ಲ, ಹಾಗಾದರೆ ಅಂಗಿಯ ತೋಳಿಗೆ ತಲೆ ತೂರಿಸುವುದು ಯಾಕೆ? ದಾರಂದಕ್ಕೆ ಎಡಭುಜ ಬಡಿಯುವುದು ಯಾಕೆ? ಎಡಗಡೆ ಕೂತ ಮಗಳು ಕರೆದರೆ ತಿರುಗಿಯೂ ನೋಡದಿರುವುದು ಯಾಕೆ? ಕೊನೆಗೆ "ಹಠ" ಅಥವಾ "ಅರಳುಮರುಳು", ಎರಡರಲ್ಲಿ ಒಂದು ಹಣೆಪಟ್ಟಿ ಅಂಟುತ್ತದೆ.

ಈ ಹಾಲೆ ಮಾಡುವ ಕೆಲಸವನ್ನು ಪಠ್ಯಪುಸ್ತಕದ ವಾಸನೆ ಇಲ್ಲದೆ ಹೇಗೆ ಹೇಳುವುದು, ಮನೆಯಲ್ಲಿ ಇರುವ ಸಾಮಾನಿನಿಂದಲೇ ಹದಿನೈದು ಇಪ್ಪತ್ತು ನಿಮಿಷದಲ್ಲಿ ಏನೇನು ನೋಡಬಹುದು, ಬಲಬದಿಯ ಹಾನಿಗೂ ಎಡಬದಿಯ ಹಾನಿಗೂ ಏನು ವ್ಯತ್ಯಾಸ, ಮನೆಯವರು ಏನು ಮಾಡಬೇಕು. ಗೊತ್ತಿದ್ದವರು ವಿವರವಾಗಿ ಬರೆಯಿರಿ. ಇನ್ನೊಂದು: ಹೀಗೆ ಒಂದು ಬದಿ ಗಮನಕ್ಕೇ ಬಾರದಿರುವುದನ್ನು ಡಾಕ್ಟರರು "ನೆಗ್ಲೆಕ್ಟ್" ಎನ್ನುತ್ತಾರೆ, ಅದಕ್ಕೆ ಕರಡಿನಲ್ಲಿ "ನಿರ್ಲಕ್ಷ್ಯ" ಎಂದು ಬರೆದಿದ್ದೇವೆ. ಸರಿಯಾ?

ಹೊಳೆಬದಿ

ಮೊದಲು ಜಾಗ. ತಲೆಯ ನಡುನೆತ್ತಿಯಿಂದ ಸ್ವಲ್ಪ ಹಿಂದೆ, ಕಿವಿಯ ಮೇಲ್ಭಾಗದಲ್ಲಿ, ಎರಡೂ ಬದಿಗೆ ಒಂದೊಂದು. ಮುಂದೆ ನಡುಸೀಳು, ಅದರಾಚೆ ಫ್ರಾಂಟಲ್ ಹಾಲೆ. ಹಿಂದೆ ದೃಷ್ಟಿಯ ಆಕ್ಸಿಪಿಟಲ್ ಹಾಲೆ. ಕೆಳಗೆ ಟೆಂಪೊರಲ್. ಮುಟ್ಟಿದ್ದು, ಕಂಡದ್ದು, ಕೇಳಿದ್ದು ಮೂರೂ ಬಂದು ಸೇರುವ ಜಂಕ್ಷನ್ ಇದು. ಹಾಗಾಗಿ "ಇದು ಇಂಥ ಒಂದು ಕೆಲಸ ಮಾಡುತ್ತದೆ" ಎಂದು ಒಂದೇ ಸಾಲಿನಲ್ಲಿ ಹೇಳಲಿಕ್ಕೆ ಹೋದರೆ ತಪ್ಪಾಗುತ್ತದೆ. ಕೈಪಿಡಿಗೆ ನನ್ನ ಸಲಹೆ: "ನನ್ನ ಮೈ ಎಲ್ಲಿದೆ, ವಸ್ತು ಎಲ್ಲಿದೆ, ಎರಡರ ನಡುವೆ ಎಷ್ಟು ದೂರ ಎಂಬ ನಕ್ಷೆಯನ್ನು ಕ್ಷಣಕ್ಷಣವೂ ಬರೆಯುತ್ತಿರುವ ಜಾಗ" ಎಂದು ಹಾಕಿ. ಲೋಟಕ್ಕೆ ಕೈ ಚಾಚುವಾಗ ಗಮನಿಸಿ, ಲೋಟ ಮುಟ್ಟುವ ಮೊದಲೇ ಬೆರಳುಗಳು ಅದರ ಅಗಲಕ್ಕೆ ತಕ್ಕಂತೆ ತೆರೆದುಕೊಂಡಿರುತ್ತವೆ. ಆ ಲೆಕ್ಕ ನಡೆಯುವುದು ಇಲ್ಲಿ.

ನಡುಸೀಳಿನ ಬೆನ್ನಿಗೇ ಇರುವ ಏರಿ ಸ್ಪರ್ಶದ ಮೊದಲ ನಿಲ್ದಾಣ. ಮೆದುಳಿನ ಮೇಲ್ಮೈಯನ್ನು ನಂಬರು ಹಾಕಿ ವಿಂಗಡಿಸಿದ ಬ್ರಾಡ್‌ಮನ್ ನಕ್ಷೆಯಲ್ಲಿ 3, 1, 2 ಎಂದು ಗುರುತಿಸಿರುವುದು ಇದನ್ನೇ. 1937ರಲ್ಲಿ ಪೆನ್‌ಫೀಲ್ಡ್ ಮತ್ತು ಬೋಲ್ಡ್ರೆ ಎಚ್ಚರವಿದ್ದ ರೋಗಿಗಳ ಮೆದುಳಿಗೆ ಸಣ್ಣ ವಿದ್ಯುತ್ ಕೊಟ್ಟು ಯಾವ ಜಾಗ ಮೈಯ ಯಾವ ಭಾಗಕ್ಕೆ ಎಂದು ಗುರುತಿಸಿದರು. ತುಟಿ, ಬೆರಳುಗಳಿಗೆ ದೊಡ್ಡ ದೊಡ್ಡ ಹಿಡುವಳಿ. ಬೆನ್ನಿಗೆ ಸಣ್ಣ ಮನೆಸ್ಥಳ. ಆದ್ದರಿಂದಲೇ ಬೆರಳ ತುದಿಯಲ್ಲಿ 2ರಿಂದ 4 ಮಿ.ಮೀ. ಅಂತರದ ಎರಡು ಮೊನೆಗಳನ್ನು ಎರಡು ಎಂದೇ ಗುರುತಿಸುತ್ತೇವೆ, ಬೆನ್ನ ಮೇಲೆ ಅದಕ್ಕೆ 40 ಮಿ.ಮೀ. ಹತ್ತಿರ ಬೇಕು.

ಸ್ವಯಂಸೇವಕರು ಎಡವುವುದು ಇಲ್ಲೇ. ಸೂಜಿ ಚುಚ್ಚುತ್ತಾರೆ, ರೋಗಿ "ಹಾ" ಎನ್ನುತ್ತಾರೆ, "ಸ್ಪರ್ಶ ಸರಿ ಉಂಟು" ಎಂದು ಬರೆದಾಯಿತು. ನೋವು, ಬಿಸಿ-ತಣ್ಣಗಿನ ಒರಟು ಅರಿವು ಈ ಹಾಲೆ ಕೆಟ್ಟರೂ ಬಹುಮಟ್ಟಿಗೆ ಉಳಿಯುತ್ತದೆ. ಹೋಗುವುದು ಅದರ ಮೇಲಿನ ವಿವರ: ಏನನ್ನು ಮುಟ್ಟಿದೆ, ಎಷ್ಟು ದೊಡ್ಡದು, ಬೆರಳು ಯಾವ ಕಡೆಗೆ ಬಾಗಿದೆ. ನೋಡಬೇಕಾದದ್ದು ಅದನ್ನು.

ಕಣ್ಣು ಮುಚ್ಚಿಸಿ, ಬಾಧೆ ಇರುವ ಕೈಯನ್ನೇ ಮೊದಲು ಪರೀಕ್ಷಿಸಿ. ಒಳ್ಳೆ ಕೈಯಿಂದ ಶುರುಮಾಡಿದರೆ ಏನೇನು ಸಾಮಾನು ಎಂದು ಮೊದಲೇ ಗೊತ್ತಾಗಿಬಿಡುತ್ತದೆ, ಆಮೇಲೆ ಊಹಿಸುತ್ತಾರೆ. ಒಂದು ಸುಲಿದ ಅಡಿಕೆ, ಒಂದು ಕೀಲಿಕೈ, ಅಂಗಿಯ ಗುಂಡಿ, ಹತ್ತಿಯ ಉಂಡೆ, ಪೆನ್ಸಿಲ್ ತುಂಡು ಸಾಕು. ಕೀಲಿ ಒಂದೇ ಇರಲಿ, ಗೊಂಚಲು ಬೇಡ, ಸದ್ದಿನಿಂದಲೇ ಹೇಳಿಬಿಡುತ್ತಾರೆ. 1 ಮತ್ತು 2 ರೂಪಾಯಿಯ ನಾಣ್ಯಗಳ ವ್ಯತ್ಯಾಸ ಕೇಳಬೇಡಿ, ಅದು ಗಟ್ಟಿಮುಟ್ಟಾದವರಿಗೂ ತಿಳಿಯುವುದು ಕಷ್ಟ. ಒಂದೊಂದಕ್ಕೂ ಹತ್ತು ಸೆಕೆಂಡು ಕೊಡಿ. ಬೆರಳು ಆಡಿಸಲಿಕ್ಕೆ ಆಗದಿದ್ದರೆ ನೀವೇ ವಸ್ತುವನ್ನು ಅಂಗೈಯಲ್ಲಿ ಹೊರಳಿಸಿ. "ಏನೋ ಗಟ್ಟಿ ಉಂಟು, ಉರುಟು ಉಂಟು, ಎಂತದ್ದು ಅಂತ ಗೊತ್ತಾಗುವುದಿಲ್ಲ" ಎಂದು ಹೇಳಿ, ಇನ್ನೊಂದು ಕೈಗೆ ಕೊಟ್ಟ ತಕ್ಷಣ "ಅಡಿಕೆ" ಎಂದರೆ ಅದೇ ಆಸ್ಟೀರಿಯೊಗ್ನೋಸಿಸ್. ಮೊದಲು ಹತ್ತಿಯಿಂದ ತಾಗಿಸಿ, ಸಾದಾ ಸ್ಪರ್ಶ ಗೊತ್ತಾಗುತ್ತದೆ ಎಂದು ಖಚಿತ ಮಾಡಿಕೊಂಡಿರಬೇಕು. ಅದೇ ಇಲ್ಲದಿದ್ದರೆ ಈ ಪರೀಕ್ಷೆಗೆ ಅರ್ಥ ಇಲ್ಲ, ತೊಂದರೆ ನರದಲ್ಲೋ ಮೆದುಳಿನ ಆಳದ ಥಲಾಮಸ್‌ನಲ್ಲೋ ಇರಬಹುದು.

ಅಂಗೈ ಮೇಲೆ ಪೆನ್ನಿನ ಮೊಂಡು ತುದಿಯಿಂದ ಅಂಕಿ ಬರೆದು ಕೇಳುವುದು ಮತ್ತೊಂದು. ರೋಗಿಯ ಕಡೆಯಿಂದ ನೇರವಾಗಿ ಕಾಣುವಂತೆ ಬರೆಯಿರಿ. 6 ಮತ್ತು 9 ಬೇಡ. 3, 4, 8 ಸಾಕು. ಕಾಲ್ಬೆರಳಿನ ಸ್ಥಾನ ಪರೀಕ್ಷಿಸುವಾಗ ಹೆಬ್ಬೆರಳನ್ನು ಎರಡೂ ಪಕ್ಕಗಳಿಂದ ಹಿಡಿಯಿರಿ, ಮೇಲೆ-ಕೆಳಗೆ ಹಿಡಿದರೆ ಒತ್ತಡದಿಂದಲೇ ದಿಕ್ಕು ತಿಳಿಯುತ್ತದೆ. ಮೇಲೆ ಅಥವಾ ಕೆಳಗೆ ಕೆಲವೇ ಮಿ.ಮೀ. ಸರಿಸಿ ಕೇಳಿ.

ಮನೆಯವರ ಮಾತಿನಲ್ಲಿ ಇದು ಹೀಗೆ ಬರುತ್ತದೆ: "ಚಾಯದ ಲೋಟ ನೋಡ್ತಾ ಇದ್ದಷ್ಟು ಹೊತ್ತು ಸರಿ ಹಿಡೀತಾರೆ, ಮಾತಾಡ್ಲಿಕ್ಕೆ ಈಚೆ ತಿರುಗಿದ್ರೆ ಬಿಟ್ಟುಬಿಡ್ತಾರೆ." ಕೈಯ ಸುದ್ದಿ ಮೆದುಳಿಗೆ ತಲುಪದಾಗ ಕಣ್ಣು ಆ ಕೆಲಸ ಮಾಡುತ್ತಿರುತ್ತದೆ. ಕಣ್ಣು ಹೊರಳಿದರೆ ಹಿಡಿತ ಸಡಿಲ. ಇಂಥವರಿಗೆ "ಕೈಯನ್ನೇ ನೋಡುತ್ತಾ ಕೆಲಸ ಮಾಡಿ" ಎನ್ನುವುದು ಸಣ್ಣ ಸಲಹೆಯಲ್ಲ, ಅದೇ ಚಿಕಿತ್ಸೆ. ಕರೆಂಟು ಹೋದಾಗ, ರಾತ್ರಿ ಬಚ್ಚಲಿಗೆ ಹೋಗುವಾಗ ಕಷ್ಟ ದುಪ್ಪಟ್ಟು. ದಾರಿಯಲ್ಲಿ ಒಂದು ಸಣ್ಣ ದೀಪ ಇರಲೇಬೇಕು.

ಮಂಡೆಬಿಸಿ

"ನಿರ್ಲಕ್ಷ್ಯ" ತೆಗೆಯಿರಿ, ದಯವಿಟ್ಟು. ನಮ್ಮ ಬಾಯಲ್ಲಿ ನಿರ್ಲಕ್ಷ್ಯ ಎಂದರೆ ಗೊತ್ತಿದ್ದೂ ಲೆಕ್ಕಿಸದಿರುವುದು, ಬೈಗುಳಕ್ಕೆ ಹತ್ತಿರದ ಶಬ್ದ. ಮನೆಯವರು ಮೊದಲೇ ಹಠ ಎನ್ನುತ್ತಿದ್ದಾರೆ, ಕೈಪಿಡಿಯೂ ಹೌದು ಎಂದ ಹಾಗಾಗುತ್ತದೆ. "ಎಡಮರವೆ" ಎನ್ನಬಹುದು. ಮರವೆ ಎಂದರೆ ನೆನಪಿನ ತೊಂದರೆ ಎಂದು ತಿಳಿಯುವ ಅಪಾಯ ಇದ್ದರೂ ತಪ್ಪು ಹೊರಿಸುವುದಿಲ್ಲ. ನಾನು ಮುಂದೆ ಅದನ್ನೇ ಬಳಸುತ್ತೇನೆ.

ಬಲಭಾಗದ ಪೆರೈಟಲ್ ಹಾಲೆಗೆ ಪೆಟ್ಟಾದಾಗ ಎಡಗಡೆಯ ಲೋಕ ಮನಸ್ಸಿಗೆ ಬರುವುದೇ ಇಲ್ಲ. ಕಣ್ಣು ಸರಿ ಇದ್ದರೂ ಹೀಗಾಗಬಹುದು. ಯಾಕೆ ಬಲದ ಹಾನಿಗೇ ಹೆಚ್ಚು? ಎಡ ಮೆದುಳು ಮುಖ್ಯವಾಗಿ ಬಲಗಡೆಗೆ ಗಮನ ಕೊಡುತ್ತದೆ, ಬಲ ಮೆದುಳು ಎರಡೂ ಕಡೆಗೆ. ಎಡ ಕೆಟ್ಟರೆ ಬಲ ಸುಧಾರಿಸಿಕೊಳ್ಳುತ್ತದೆ. ಬಲ ಕೆಟ್ಟರೆ ಎಡಗಡೆಗೆ ಕಾವಲು ಯಾರೂ ಇಲ್ಲ. ಹಾಗಾಗಿ ಬಲಗಡೆಯ ಮರವೆ ಅಪರೂಪ, ಬಂದರೂ ಸಾಮಾನ್ಯವಾಗಿ ಸೌಮ್ಯ.

ಎಲ್ಲಕ್ಕಿಂತ ಒಳ್ಳೆ ಪರೀಕ್ಷೆ ಬಾಳೆ ಎಲೆ ಊಟ. ಎಲೆಯ ತುದಿ ಎಡಕ್ಕೆ, ಉಪ್ಪು-ಉಪ್ಪಿನಕಾಯಿ ಎಡತುದಿಗೆ. ಅನ್ನದ ಬಲಭಾಗ ಮುಗಿದು ನಡುವಿನಲ್ಲಿ ಗೋಡೆ ಕಟ್ಟಿದ ಹಾಗೆ ನಿಲ್ಲುತ್ತದೆ. "ಉಪ್ಪಿನಕಾಯಿ ಬಡಿಸಲೇ ಇಲ್ಲ" ಎಂಬ ದೂರು ಬರುತ್ತದೆ. ತಟ್ಟೆಯಾದರೆ ಸುಮ್ಮನೆ ಅರ್ಧ ಸುತ್ತು ತಿರುಗಿಸಿ. ಉಳಿದ ಅನ್ನ ಈಗ ಬಲಕ್ಕೆ ಬಂತು, ಅದನ್ನೂ ಉಣ್ಣುತ್ತಾರೆ. ಹೊಟ್ಟೆ ತುಂಬಿದ್ದಕ್ಕೆ ಬಿಟ್ಟದ್ದಲ್ಲ ಎಂದು ಮನೆಯವರಿಗೆ ನಂಬಿಕೆ ಬರಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆಸ್ಪತ್ರೆಗಳಲ್ಲಿ ಒಂದು ಪರೀಕ್ಷೆ ಉಂಟು, 16 ಚೌಕ ತುಂಡುಗಳನ್ನು ಒಂದು ಹಲಗೆಯ ಮೇಲೆ, ತಟ್ಟೆಯಲ್ಲಿ ಬನ್ ಜೋಡಿಸಿದ ಹಾಗೆ ಸಮನಾಗಿ ಹರಡಲು ಹೇಳುವುದು. ನಮ್ಮಲ್ಲಿ ಅದಕ್ಕೆ ಅಡಿಕೆಯೇ ಸಾಕಲ್ಲ. ದೊಡ್ಡ ಗೆರಸೆ ಅಥವಾ ಚಾಪೆಯನ್ನು ರೋಗಿಯ ಎದುರು ಸರಿಯಾಗಿ ನಡುವಿಗೆ ಇಟ್ಟು 16 ಅಡಿಕೆ ಕೊಟ್ಟು "ಅಂಗಳದಲ್ಲಿ ಒಣಗಲಿಕ್ಕೆ ಹಾಕಿದ ಹಾಗೆ ಪೂರ್ತಿ ಹರಡಿ" ಎನ್ನಿ. ಎಡಮರವೆ ಇದ್ದರೆ ಎಲ್ಲವೂ ಬಲ ಅರ್ಧದಲ್ಲಿ ಗುಂಪಾಗುತ್ತವೆ. ಓದು ಬಾರದವರಿಗೂ ಆಗುತ್ತದೆ, ಅದೇ ಇದರ ದೊಡ್ಡ ಗುಣ.

ಕಾಗದದ ಪರೀಕ್ಷೆ: ಎ4 ಹಾಳೆಯನ್ನು ಅಡ್ಡಕ್ಕೆ ಇಟ್ಟು 20 ಸೆಂ.ಮೀ. ಗೆರೆ ಎಳೆದು, ನಡುವಿಗೆ ಗುರುತು ಹಾಕಲು ಹೇಳಿ. ನಾವು ನೀವು ಕೆಲವು ಮಿ.ಮೀ. ತಪ್ಪುತ್ತೇವೆ, ಅದೂ ಹೆಚ್ಚಾಗಿ ಎಡಕ್ಕೆ. ಇವರು ಸೆಂಟಿಮೀಟರುಗಟ್ಟಲೆ ಬಲಕ್ಕೆ ಜಾರುತ್ತಾರೆ. ಹಾಳೆ ಜರುಗದಂತೆ ಹಿಡಿಯಿರಿ, ಒಂದಲ್ಲ ಮೂರ್ನಾಲ್ಕು ಗೆರೆ ಕೊಡಿ. ಗಡಿಯಾರ ಬರೆಸಿದರೆ 12 ಅಂಕಿಗಳೂ ಬಲ ಅರ್ಧದಲ್ಲಿ ತುರುಕಿಕೊಂಡಿರುವುದೂ ಉಂಟು, 6ಕ್ಕೆ ನಿಲ್ಲಿಸುವುದೂ ಉಂಟು.

ಸೌಮ್ಯವಾದದ್ದು ಇವೆಲ್ಲದರಿಂದ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಜೋಡಿಸ್ಪರ್ಶ ನೋಡಬೇಕು. ಕಣ್ಣು ಮುಚ್ಚಿಸಿ ಒಮ್ಮೆ ಎಡಗೈ, ಒಮ್ಮೆ ಬಲಗೈ, ಒಮ್ಮೆ ಎರಡೂ ಒಟ್ಟಿಗೆ, ಕ್ರಮ ಇಲ್ಲದೆ ಹತ್ತು ಹನ್ನೆರಡು ಸಲ ಮುಟ್ಟಿ. ಎಡಗೈ ಒಂದನ್ನೇ ಮುಟ್ಟಿದಾಗ ಸರಿಯಾಗಿ ಹೇಳಿ, ಎರಡನ್ನೂ ಮುಟ್ಟಿದಾಗ "ಬಲ" ಎಂದಷ್ಟೇ ಹೇಳಿದರೆ ಅದು ಎಕ್ಸ್‌ಟಿಂಕ್ಷನ್. ಪೈಪೋಟಿ ಇಲ್ಲದಾಗ ಎಡಕ್ಕೆ ಜಾಗ ಸಿಗುತ್ತದೆ, ಇದ್ದಾಗ ಇಲ್ಲ. ಒಬ್ಬರೇ ಕೂತು ಮಾತಾಡುವಾಗ ಚೆನ್ನಾಗಿರುವ ವ್ಯಕ್ತಿ ಮದುವೆ ಮನೆಯ ಗದ್ದಲದಲ್ಲಿ ಎಡಗಡೆಯವರಿಗೆ ಢಿಕ್ಕಿ ಹೊಡೆಯುವುದು ಇದೇ ಕಾರಣಕ್ಕೆ.

ಇದು ಕಣ್ಣಿನದ್ದಲ್ಲ ಎಂಬುದಕ್ಕೆ 1978ರಲ್ಲಿ ಇಟಲಿಯ ಬಿಸಿಯಾಕ್ ಮತ್ತು ಲುಜಾಟಿ ಕೊಟ್ಟ ಪುರಾವೆ ಇಂದಿಗೂ ಮೈ ಜುಮ್ಮೆನ್ನಿಸುತ್ತದೆ. ಮಿಲಾನಿನ ದೊಡ್ಡ ಚರ್ಚಿನ ಚೌಕವನ್ನು ಮನಸ್ಸಿನಲ್ಲೇ ಕಲ್ಪಿಸಿಕೊಂಡು ಒಂದು ತುದಿಯಲ್ಲಿ ನಿಂತ ಹಾಗೆ ವಿವರಿಸಿ ಎಂದರು. ಬಲಗಡೆಯ ಕಟ್ಟಡಗಳ ಹೆಸರು ಮಾತ್ರ ಬಂತು. ಎದುರು ತುದಿಯಿಂದ ನೋಡಿದ ಹಾಗೆ ಹೇಳಿ ಎಂದಾಗ, ಮೊದಲು ಬಿಟ್ಟಿದ್ದವು ಬಂದವು, ಮೊದಲು ಹೇಳಿದ್ದವು ಹೋದವು. ನಮ್ಮೂರಿನವರಿಗೆ ಹೆದ್ದಾರಿ 66 ಸಾಕು. ಕಾಸರಗೋಡಿನಿಂದ ತಲಪಾಡಿಗೆ ಹೋಗುವಂತೆ ಕಲ್ಪಿಸಿಕೊಂಡು ಎರಡು ಬದಿಗೂ ಏನೇನು ಸಿಗುತ್ತದೆ ಎಂದು ಕೇಳಿ. ಬದಿಯಡ್ಕಕ್ಕೆ ತಿರುಗುವ ರಸ್ತೆ, ಅನಂತಪುರ ದೇವಸ್ಥಾನ ಎಲ್ಲ ಬರುತ್ತದೆ, ಎಡಗಡೆಯ ಕಡಲು ಮಾತ್ರ ಇಲ್ಲ! ತಲಪಾಡಿಯಿಂದ ತಿರುಗಿ ಬರುವಾಗ ಕಡಲು, ಕಣ್ವತೀರ್ಥ, ಕೊಯಿಪಾಡಿ ಬರುತ್ತವೆ. ಎಲ್ಲರಲ್ಲೂ ಹೀಗಾಗುವುದಿಲ್ಲ. ಕೆಲವರಿಗೆ ಕಾಗದದ ಮೇಲೆ ಎಡ ಇಲ್ಲ, ಕಲ್ಪನೆಯಲ್ಲಿ ಉಂಟು.

ಜತೆಗೆ ಬರುವ ಇನ್ನೊಂದು ವಿಚಿತ್ರ, ತೊಂದರೆ ಇದೆ ಎಂಬುದೇ ಗೊತ್ತಾಗದಿರುವುದು. 1914ರಲ್ಲಿ ಬಬಿನ್‌ಸ್ಕಿ ಇದಕ್ಕೆ ಅನೋಸೊಗ್ನೋಸಿಯಾ ಎಂದು ಹೆಸರಿಟ್ಟ. "ಎಡಗೈ ಎತ್ತಿ" ಎಂದರೆ "ಎತ್ತಿದ್ದೇನಲ್ಲ" ಎನ್ನುತ್ತಾರೆ, ಕೈ ಹಾಸಿಗೆಯ ಮೇಲೆಯೇ ಇರುತ್ತದೆ. ತೋರಿಸಿ ಕೇಳಿದರೆ "ಅದು ನಿಮ್ಮ ಕೈ" ಎಂದೂ ಹೇಳುವುದುಂಟು. ವಾದ ಮಾಡಿ ಗೆಲ್ಲಲಿಕ್ಕಾಗುವುದಿಲ್ಲ, ಮಾಡಲೂ ಬಾರದು. ಕೈಪಿಡಿಯಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕಿ: "ಏನಾದರೂ ತೊಂದರೆ ಉಂಟಾ?" ಎಂದು ರೋಗಿಯನ್ನು ಕೇಳಿ "ಏನೂ ಇಲ್ಲ" ಎಂಬ ಉತ್ತರ ಬರೆದುಕೊಂಡು ಬರುವುದು ಪರೀಕ್ಷೆಯಲ್ಲ.

ಗುಣಿತಾಕ್ಷರ

ಎಡಭಾಗದ ಹಾನಿಯ ಬಗ್ಗೆ, ಮತ್ತೆ ಭಾಷೆಯ ಬಗ್ಗೆ.

ಎಡ ಪೆರೈಟಲ್‌ನ ಕೆಳಭಾಗದಲ್ಲಿ, ಕಿವಿಯ ಮೇಲೆ ಸ್ವಲ್ಪ ಹಿಂದಕ್ಕೆ, ಆಂಗ್ಯುಲರ್ ಗೈರಸ್ ಎಂಬ ಮಡಿಕೆ ಉಂಟು. ಇದಕ್ಕೆ ಪೆಟ್ಟಾದಾಗ ನಾಲ್ಕು ತೊಂದರೆ ಒಟ್ಟಿಗೆ ಕಾಣಬಹುದು: ಲೆಕ್ಕ ಬಾರದು, ಬರೆಯಲಾಗದು, ಬೆರಳುಗಳ ಗುರುತು ಸಿಗದು, ಎಡ-ಬಲ ಗೊಂದಲ. ವಿಯೆನ್ನಾದ ಯೋಸೆಫ್ ಗರ್ಸ್ಟ್‌ಮನ್ ಬೆರಳಿನ ತೊಂದರೆಯನ್ನು 1924ರಲ್ಲಿ ವಿವರಿಸಿದ್ದರಿಂದ ಗರ್ಸ್ಟ್‌ಮನ್ ಸಿಂಡ್ರೋಮ್ ಎನ್ನುತ್ತಾರೆ. ನಾಲ್ಕೂ ಶುದ್ಧವಾಗಿ ಸಿಗುವುದು ಅಪರೂಪ, ಎರಡು ಮೂರು ಸಿಗುವುದೇ ಹೆಚ್ಚು, ಜತೆಗೆ ಮಾತಿನ ತೊಡಕೂ ಇರುತ್ತದೆ.

ಬೆರಳು: ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳು, ಕಿರುಬೆರಳು. ಹೆಸರೇ ಮರೆತಿದ್ದರೆ? ಅದು ಮಾತಿನ ತೊಡಕು ಆಗಿರಬಹುದು. ಹಾಗಾಗಿ ಹೆಸರು ಬೇಕಿಲ್ಲದ ದಾರಿ ಹಿಡಿಯಿರಿ. ಬಟ್ಟೆಯ ಕೆಳಗೆ ಅವರ ಒಂದು ಬೆರಳು ಮುಟ್ಟಿ, ನಿಮ್ಮ ಕೈಯಲ್ಲಿ ಅದೇ ಬೆರಳನ್ನು ತೋರಿಸಲು ಹೇಳಿ. ತಪ್ಪು ಹೆಚ್ಚಾಗಿ ನಡುವಿನ ಮೂರು ಬೆರಳುಗಳಲ್ಲಿ.

ಲೆಕ್ಕದಲ್ಲಿ ಒಂದು ಬಲೆ ಉಂಟು. ಹಳೆಯ ಕಾಲದ ಶಾಲೆಯವರು ಮಗ್ಗಿಯನ್ನು ಹಾಡಿನಂತೆ ಬಾಯಿಪಾಠ ಮಾಡಿದವರು. "ಏಳೆಂಟ್ಲೆ?" ಎಂದರೆ "ಐವತ್ತಾರು" ಎಂದು ಥಟ್ಟನೆ ಬರುತ್ತದೆ, ಯಾಕೆಂದರೆ ಅದು ಲೆಕ್ಕವಲ್ಲ, ಮಾತು. ಪ್ರಮಾಣದ ಅರಿವು ನೋಡಬೇಕಾದರೆ ಕಳೆಯುವ ಲೆಕ್ಕ ಕೊಡಿ: 52ರಿಂದ 17. ಅಥವಾ "100 ರೂಪಾಯಿ ಕೊಟ್ಟು 63 ರೂಪಾಯಿಯ ಸಾಮಾನು ತಂದರೆ ಬಾಕಿ ಎಷ್ಟು?" ಮಗ್ಗಿ ಸರಿ, ಚಿಲ್ಲರೆ ತಪ್ಪು ಎಂಬ ಜೋಡಿ ಕಂಡರೆ ಬರೆದಿಟ್ಟುಕೊಳ್ಳಿ.

ಎಡ-ಬಲಕ್ಕೆ "ಬಲಗೈಯಿಂದ ಎಡಕಿವಿ ಮುಟ್ಟಿ" ಸಾಕು. ಕೇಳುವ ಭಾಷೆ ಯಾವುದು ಎಂಬುದು ಮುಖ್ಯ. ಮನೆಯಲ್ಲಿ ಹವ್ಯಕ ಕನ್ನಡ ಅಥವಾ ತುಳು ಆಡುವ ಅಜ್ಜನಿಗೆ ನರ್ಸ್ "ಇಡತ್ತು, ವಲತ್ತು" ಎಂದು ಮಲಯಾಳದಲ್ಲಿ ಕೇಳಿದರೆ ತಡವರಿಸುವುದಕ್ಕೆ ಮೆದುಳು ಕೆಟ್ಟಿರಬೇಕಾಗಿಲ್ಲ. ಯಾವ ಭಾಷೆಯಲ್ಲಿ ಎಣಿಸುತ್ತಾರೋ, ಜಗಳಾಡುತ್ತಾರೋ ಅದರಲ್ಲಿ ಕೇಳಬೇಕು.

ಇನ್ನು ಕೈಗೆ ಕೆಲಸ ಮರೆಯುವುದು, ಅಪ್ರಾಕ್ಸಿಯಾ. ಬಲವೂ ಉಂಟು, ಮಾತೂ ಅರ್ಥವಾಗುತ್ತದೆ, ಆದರೆ "ತಲೆ ಬಾಚುವ ಹಾಗೆ ತೋರಿಸಿ" ಎಂದರೆ ಬಾಚಣಿಗೆ ಹಿಡಿದ ಹಾಗೆ ಮಾಡುವ ಬದಲು ಬೆರಳನ್ನೇ ಬಾಚಣಿಗೆ ಮಾಡಿ ತಲೆಗೆ ಉಜ್ಜುತ್ತಾರೆ. ನಿಜವಾದ ಬಾಚಣಿಗೆ ಕೈಗೆ ಕೊಟ್ಟರೆ ಬಹಳಷ್ಟು ಸುಧಾರಿಸುತ್ತದೆ. ಎಡ ಮೆದುಳು ಕೆಟ್ಟರೂ ಇದು ಎರಡೂ ಕೈಗಳಲ್ಲಿ ಕಾಣುತ್ತದೆ. ಸರಣಿ ಕೆಲಸ ನೋಡಲಿಕ್ಕೆ ವೀಳ್ಯದ ತಟ್ಟೆಯಷ್ಟು ಒಳ್ಳೆಯದು ಬೇರೆ ಇಲ್ಲ. ಎಲೆ ಒರೆಸಬೇಕು, ತೊಟ್ಟು ಮುರಿಯಬೇಕು, ಬೆನ್ನಿಗೆ ಸುಣ್ಣ ಸವರಬೇಕು, ಅಡಿಕೆ ಇಡಬೇಕು, ಮಡಚಬೇಕು. ಒಂದೊಂದು ಹೆಜ್ಜೆಯೂ ಬಿಡಿಯಾಗಿ ಗೊತ್ತಿದ್ದು ಕ್ರಮ ತಪ್ಪುವವರು ಸುಣ್ಣವನ್ನು ನೇರ ಬಾಯಿಗೆ ಒಯ್ಯುವ ಅಪಾಯ ಉಂಟು. ಕೈ ಬಾಯಿಯತ್ತ ಹೋಗುವ ಮೊದಲೇ ನಿಲ್ಲಿಸಿ. ನುಂಗುವ ಪರೀಕ್ಷೆ ಆಗದವರಿಗೆ ತಿನ್ನಲು ಕೊಡುವ ಮಾತೇ ಇಲ್ಲ, ಮಡಚಿ ಕೊಟ್ಟರೆ ಸಾಕು.

ಓದಿನ ಬಗ್ಗೆ ಒಂದು ಮಾತು, ಇದು ಬಲಭಾಗದ ಹಾನಿಗೆ ಸೇರಿದ್ದು. ಎಡಮರವೆ ಇದ್ದವರು ಸಾಲಿನ ಎಡ ಅರ್ಧವನ್ನಷ್ಟೇ ಬಿಡುವುದಲ್ಲ, ಒಂದೇ ಪದದ ಎಡಭಾಗವನ್ನೂ ಬಿಡಬಹುದು. ಪರೀಕ್ಷೆಗೆ ಎಡಭಾಗ ಹೋದರೂ ಅರ್ಥ ಉಳಿಯುವ ಪದಗಳನ್ನು ಆರಿಸಿ: ಹಿತ್ತಲಬಾಗಿಲು, ನೀರುಮಜ್ಜಿಗೆ, ಅಡಿಕೆತೋಟ, ಉಪ್ಪಿನಕಾಯಿ. "ಬಾಗಿಲು, ಮಜ್ಜಿಗೆ, ತೋಟ, ಕಾಯಿ" ಎಂದು ಸರಾಗವಾಗಿ ಓದಿದರೆ ಸಾಕ್ಷಿ ಸಿಕ್ಕಿತು. ಓದಿದವರಿಗೆ ತಪ್ಪಾದದ್ದೇ ಗೊತ್ತಾಗುವುದಿಲ್ಲ, ಅರ್ಥ ಇದೆಯಲ್ಲ.

ಕನ್ನಡದಲ್ಲಿ ಕಾಗುಣಿತದ ಚಿಹ್ನೆಗಳು ಮೇಲೆ, ಬಲಕ್ಕೆ ಅಥವಾ ಕೆಳಗೆ ಬರುತ್ತವೆ. ಮಲಯಾಳದಲ್ಲಿ ಎ, ಏ, ಐ ಚಿಹ್ನೆಗಳು ವ್ಯಂಜನದ ಎಡಕ್ಕೆ ನಿಲ್ಲುತ್ತವೆ. ಒ, ಓ ಎರಡೂ ಪಕ್ಕಕ್ಕೆ ಹರಡುತ್ತವೆ. ಎರಡೂ ಲಿಪಿ ಓದುವ ನಮ್ಮ ಕಡೆಯ ರೋಗಿಗಳನ್ನು ಪರೀಕ್ಷಿಸುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಪದ ಆರಿಸಬೇಕು, ಒಂದು ಲಿಪಿಯ ಪಟ್ಟಿಯನ್ನು ಇನ್ನೊಂದಕ್ಕೆ ಹಾಗೇ ಅನುವಾದಿಸಿ ಇಡುವಂತಿಲ್ಲ.

ಬರಹದಲ್ಲೂ ಎರಡು ಬದಿಯ ವ್ಯತ್ಯಾಸ ಕಾಣುತ್ತದೆ. ಎಡದ ಹಾನಿಯಲ್ಲಿ ಅಕ್ಷರವೇ ತಪ್ಪುತ್ತದೆ, ಒತ್ತು ಬದಲಾಗುತ್ತದೆ. ಬಲದ ಹಾನಿಯಲ್ಲಿ ಅಕ್ಷರ ಸರಿ ಇರುತ್ತದೆ, ಹಾಳೆಯ ಎಡ ಮಾರ್ಜಿನ್ ಸಾಲಿನಿಂದ ಸಾಲಿಗೆ ಅಗಲವಾಗುತ್ತಾ ಹೋಗುತ್ತದೆ, ಸಾಲು ಓರೆಯಾಗಿ ಏರುತ್ತದೆ, ಅಕ್ಷರಕ್ಕೆ ಒಂದು ಸುತ್ತು ಹೆಚ್ಚು ಬೀಳುತ್ತದೆ.

ಬದಿಯಡ್ಕ_ಕೈಪಿಡಿ

ಅಡಿಕೆ ಹರಡುವುದು ಖಂಡಿತ ಸೇರುತ್ತದೆ. "ನಿರ್ಲಕ್ಷ್ಯ" ತೆಗೆದೆವು. ಇನ್ನೆರಡು ಸಂಶಯ. ಎಡಗಡೆಯ ದೃಷ್ಟಿಯೇ ಹೋದವರಿಗೂ ಎಡಮರವೆಯವರಿಗೂ ವ್ಯತ್ಯಾಸ ಹೇಗೆ ಮಾಡುವುದು? ಮಂಚವನ್ನು ಯಾವ ಕಡೆಗೆ ಹಾಕಬೇಕು? ಒಬ್ಬರು ಎಡಗಡೆ ಬಾಗಿಲು ಬರುವಂತೆ ಎನ್ನುತ್ತಾರೆ, ಇನ್ನೊಬ್ಬರು ತದ್ವಿರುದ್ಧ.

ತೋಡಿನಸಂಕ

ಮೊದಲು ಮೇಲಿನವರಿಗೆ ಒಂದು ತಿದ್ದುಪಡಿ. ಎಡಮರವೆ ಪೆರೈಟಲ್ ಹಾಲೆಯದ್ದೇ ಎಂದು ಬರೆದರೆ ಪೂರ್ತಿ ಸರಿಯಾಗುವುದಿಲ್ಲ. ಟೆಂಪೊರಲ್ ಹಾಲೆ ಸೇರುವ ಗಡಿ, ಬಲ ಫ್ರಾಂಟಲ್, ಮೆದುಳಿನ ಆಳದಲ್ಲಿರುವ ಥಲಾಮಸ್, ಬೇಸಲ್ ಗ್ಯಾಂಗ್ಲಿಯಾದ ಹಾನಿಯಿಂದಲೂ ಬರುತ್ತದೆ. ಗಮನ ಎನ್ನುವುದು ಜಾಲ, ಎಲ್ಲಿ ಹರಿದರೂ ಮೀನು ತಪ್ಪಿಸಿಕೊಳ್ಳುತ್ತದೆ. ಸ್ವಯಂಸೇವಕರಿಗೆ ಇದರಿಂದ ಆಗುವ ಪ್ರಯೋಜನ ಇಷ್ಟೇ: ರಿಪೋರ್ಟಿನಲ್ಲಿ "ಪೆರೈಟಲ್" ಎಂದು ಇಲ್ಲದಿದ್ದರೂ ಬಲಭಾಗದ ಸ್ಟ್ರೋಕ್ ಆದ ಎಲ್ಲರಿಗೂ ಈ ಪರೀಕ್ಷೆ ಮಾಡಿ.

ದೃಷ್ಟಿ ಹೋದವರಿಗೆ ಹೋದದ್ದು ಬೇಗ ತಿಳಿಯುತ್ತದೆ, ತಲೆ ತಿರುಗಿಸಿ ಹುಡುಕುತ್ತಾರೆ, ತಟ್ಟೆಯ ಎಡಭಾಗವನ್ನು ತಡಕಾಡಿಯಾದರೂ ಕಂಡುಕೊಳ್ಳುತ್ತಾರೆ. ಎಡಮರವೆಯವರು ಹುಡುಕುವುದೇ ಇಲ್ಲ, ಹುಡುಕಲಿಕ್ಕೆ ಅಲ್ಲಿ ಏನೋ ಉಂಟು ಎಂದಾದರೂ ಅನಿಸಬೇಕಲ್ಲ. ಎಡಗಡೆಯಿಂದ ಸದ್ದು ಮಾಡಿ ನೋಡಿ: ದೃಷ್ಟಿ ಮಾತ್ರ ಹೋದವರು ತಿರುಗುತ್ತಾರೆ. ಎರಡೂ ಒಟ್ಟಿಗೆ ಇರುವವರು ಬೇಕಾದಷ್ಟು. ಪೆರೈಟಲ್‌ನ ಆಳದಲ್ಲಿ ದೃಷ್ಟಿಯ ತಂತುಗಳು ಹಾದುಹೋಗುವುದರಿಂದ ಎದುರುಬದಿಯ ಕೆಳಗಿನ ನಾಲ್ಕನೇ ಒಂದು ಭಾಗದ ನೋಟ ಕೆಡುವುದುಂಟು. ಮೆಟ್ಟಿಲಿಳಿಯುವಾಗ ಎಡಗಾಲಿನ ಹತ್ತಿರದ್ದೇ ಕಾಣುವುದಿಲ್ಲ.

ಮಂಚದ ವಿಷಯ. ಎಡಗಡೆಯಿಂದಲೇ ಎಲ್ಲ ಬರುವಂತೆ ಮಾಡಿದರೆ ಮೆದುಳು ಕಲಿಯುತ್ತದೆ ಎಂಬುದು ಹಳೆಯ ವಾದ. ಕಲಿಕೆಗೆ ಹೌದು, ಸುರಕ್ಷತೆಗೆ ಅಲ್ಲ. ಕರೆಗಂಟೆ, ನೀರು, ಮೊಬೈಲ್, ಊರುಗೋಲು ಬಲಕ್ಕೇ ಇರಲಿ, ಅವು ಪಾಠದ ಸಾಮಾನಲ್ಲ. ಮಾತಾಡಿಸುವವರು ಎದುರಿನ ನಡುವಿನಿಂದ ಶುರುಮಾಡಿ, ಮಾತು ಹಿಡಿದ ಮೇಲೆ ಮೆಲ್ಲಗೆ ಎಡಕ್ಕೆ ಸರಿಯಲಿ. ಕಣ್ಣು ಹಿಂಬಾಲಿಸುತ್ತದೆ. ಏಕಾಏಕಿ ಎಡಗಡೆಯಿಂದ ಬಂದು ಭುಜ ಮುಟ್ಟಿದರೆ ಬೆಚ್ಚಿಬೀಳುತ್ತಾರೆ.

ಅಭ್ಯಾಸದಲ್ಲಿ ಗಟ್ಟಿಯಾಗಿ ನಿಂತಿರುವುದು ನೋಟ ಎಡಕ್ಕೆ ಒಯ್ಯುವ ತರಬೇತಿ. ಪತ್ರಿಕೆಯ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿ. ಕೆಂಪು ಕಾಣುವವರೆಗೆ ತಲೆ ತಿರುಗಿಸಬೇಕು, ಕಂಡ ಮೇಲೆ ಮಾತ್ರ ಓದಲು ಶುರು. ಪ್ರತಿ ಸಾಲಿಗೂ. ತಟ್ಟೆಯ ಎಡ ಅಂಚಿಗೂ ಒಂದು ಕೆಂಪು ಪಟ್ಟಿ. ಮೊದಮೊದಲು ಪಕ್ಕದಲ್ಲಿ ಕೂತು "ಕೆಂಪು ಕಂಡಿತಾ?" ಎಂದು ಕೇಳುತ್ತಿರಬೇಕು, ಬರುಬರುತ್ತಾ ಕೇಳುವುದನ್ನು ಕಡಿಮೆ ಮಾಡಬೇಕು. ಎಡಗೈ ಸ್ವಲ್ಪವಾದರೂ ಆಡುವುದಿದ್ದರೆ ಕೆಲಸ ಶುರುಮಾಡುವ ಮೊದಲು ಮೈಯ ಎಡಗಡೆಯಲ್ಲೇ ಆ ಬೆರಳುಗಳನ್ನು ಆಡಿಸಿಕೊಳ್ಳುವುದರಿಂದ ಗಮನ ಆ ಕಡೆ ಎಳೆಯುತ್ತದೆ. ನೋಟವನ್ನು 10 ಡಿಗ್ರಿ ಬಲಕ್ಕೆ ಸರಿಸುವ ಪ್ರಿಸಂ ಕನ್ನಡಕ ಹಾಕಿ ಗುರಿಗೆ ಬೆರಳು ತೋರಿಸುವ ಅಭ್ಯಾಸವನ್ನು 1998ರಲ್ಲಿ ಫ್ರಾನ್ಸಿನ ರೊಸೆಟ್ಟಿ ತಂಡ ಮುಂದಿಟ್ಟಿತು. ಕನ್ನಡಕ ತೆಗೆದ ಮೇಲೆ ಕೈ ಎಡಕ್ಕೆ ವಾಲುತ್ತದೆ, ಗಮನವೂ ಸ್ವಲ್ಪ ಹೊತ್ತು ಅದರ ಜತೆ ಹೋಗುತ್ತದೆ. ಆಮೇಲಿನ ಪ್ರಯೋಗಗಳ ಫಲಿತಾಂಶ ಮಿಶ್ರ. ಥೆರಪಿಸ್ಟ್ ಇಲ್ಲದೆ ಮನೆಯಲ್ಲಿ ಮಾಡುವಂಥದ್ದಲ್ಲ.

ಅಂಗಿ ಹಾಕುವಾಗ ಎಡತೋಳು ಮೊದಲು, ತೆಗೆಯುವಾಗ ಬಲತೋಳು ಮೊದಲು. ಎಡತೋಳಿನ ಒಳಗೆ ಬಣ್ಣದ ದಾರ ಹೊಲಿಯಿರಿ. ಹೆಂಗಸರಿಗೆ ಮೊದಲ ಕೆಲವು ವಾರ ಸೀರೆ ಬೇಡ, ನೆರಿಗೆ ಹಿಡಿಯುವುದು ಈ ಹಾಲೆಗೆ ಬಹಳ ದೊಡ್ಡ ಲೆಕ್ಕ. ಎಡಗೈ ಗಾಲಿಕುರ್ಚಿಯ ಚಕ್ರಕ್ಕೆ ಸಿಕ್ಕುವುದು, ಮಲಗಿದಾಗ ಮೈಯಡಿಗೆ ಬೀಳುವುದು ಮಾಮೂಲು. ದಿಂಬಿನ ಮೇಲೆ, ಕಣ್ಣಿಗೆ ಕಾಣುವಲ್ಲಿ ಇಡಿ. ಎತ್ತುವಾಗ ಆ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ.

ನಮ್ಮ ಮನೆಗಳ ಅಪಾಯ ಬೇರೆಯೇ ಉಂಟು. ಬಚ್ಚಲ ಹಂಡೆ ಎಡಗಡೆ ಇದ್ದರೆ ಸುಡುವುದು ಖಚಿತ, ನೀರು ಬೇರೆಯವರೇ ಬೆರೆಸಿಕೊಡಲಿ. ಕಟ್ಟೆಯಿಲ್ಲದ ಜಗಲಿಯ ಎಡ ಅಂಚಿಗೆ ಕುರ್ಚಿ ಇಡಬೇಡಿ. ತೋಟಕ್ಕೆ ಹೋಗುವ ಹಟ ಹಿಡಿದರೆ ಅಂಗಳದವರೆಗೆ ಸರಿ, ಅಡಿಕೆ ಮರದ ಸಂಕ ದಾಟಿಸಬೇಡಿ. ಸಂಕದ ಎಡ ಅರ್ಧ ಅವರ ಪಾಲಿಗೆ ಇಲ್ಲ, ಅಂದರೆ ಅವರು ನಡೆಯುವುದು ಬಲ ಅಂಚಿನಲ್ಲಿ. ಬೈಕು, ಕಾರು ಸದ್ಯಕ್ಕೆ ಬಿಲ್ಕುಲ್ ಇಲ್ಲ. ಕೀಲಿ ತೆಗೆದಿಡಿ, ಯಾಕೆಂದರೆ ಅವರ ಲೆಕ್ಕದಲ್ಲಿ ಅವರಿಗೆ ಏನೂ ಆಗಿಲ್ಲ.

ಸುಧಾರಣೆಯ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲಿ. ಆಮೇಲೂ ಉಳಿದರೆ ಕೆಂಪು ಪಟ್ಟಿಯಂಥ ಉಪಾಯಗಳೇ ಕಾಯಂ.

ಹೊಳೆಬದಿ

ಬಿಟ್ಟುಹೋದ ತುಂಡುಗಳು. ಎರಡೂ ಬದಿಯ ಪೆರೈಟಲ್‌ನ ಹಿಂಭಾಗ ಕೆಟ್ಟರೆ ಬಾಲಿಂಟ್ ಸಿಂಡ್ರೋಮ್, 1909ರ ವಿವರಣೆ. ರಕ್ತದೊತ್ತಡ ಬಹಳ ಹೊತ್ತು ತೀರಾ ಇಳಿದಾಗ, ಹೃದಯ ನಿಂತು ಮತ್ತೆ ಹೊಡೆದಾಗ, ಎರಡು ರಕ್ತನಾಳಗಳ ಗಡಿಯಲ್ಲಿರುವ ಈ ಜಾಗಕ್ಕೆ ನೀರು ತಲುಪದ ಗದ್ದೆಯ ತುದಿಯ ಗತಿ. ಒಂದು ಸಲಕ್ಕೆ ಒಂದೇ ವಸ್ತು ಕಾಣುತ್ತದೆ: ಚಮಚ ಕಂಡರೆ ತಟ್ಟೆ ಇಲ್ಲ. ಕಂಡದ್ದಕ್ಕೂ ಕೈ ಸರಿಯಾಗಿ ತಲುಪುವುದಿಲ್ಲ. ಇದೇ ಚಿತ್ರ ವರ್ಷಗಟ್ಟಲೆ ಮೆಲ್ಲಗೆ ಬೆಳೆದರೆ ಆಲ್‌ಝೈಮರ್‌ನ ಒಂದು ರೂಪ ಇರಬಹುದು. ಕನ್ನಡಕ ಮೂರು ಸಲ ಬದಲಿಸಿದರೂ, ಪೊರೆ ತೆಗೆಸಿದರೂ "ಕಾಣುವುದಿಲ್ಲ" ಎನ್ನುವವರನ್ನು ನರರೋಗ ತಜ್ಞರಿಗೆ ತೋರಿಸಿ.

ಕೈಯಲ್ಲಿ ಜುಮುಜುಮು ಶುರುವಾಗಿ ಒಂದೆರಡು ನಿಮಿಷದಲ್ಲಿ ತೋಳು, ಮುಖಕ್ಕೆ ಹರಿದು ನಿಂತುಹೋಗುವುದು ಪದೇಪದೇ ಆದರೆ ಅದು ಈ ಜಾಗದ ಫಿಟ್ಸ್ ಆಗಿರಬಹುದು. ಗಡ್ಡೆ, ಕ್ಷಯದ ಗಂಟು, ಲಾಡಿಹುಳುವಿನ ಮರಿಗಂಟು ಎಲ್ಲ ಕಾರಣವಾಗಬಹುದು, ಸ್ಕ್ಯಾನ್ ಬೇಕು.

ತುರ್ತಿನ ಪುಟಕ್ಕೆ: ಮುಖ, ಕೈ, ಮಾತು ಮೂರೇ ನೋಡಿದರೆ ಬಲ ಪೆರೈಟಲ್ ಸ್ಟ್ರೋಕ್ ತಪ್ಪಿಸಿಕೊಳ್ಳುತ್ತದೆ. ಸ್ಟ್ರೋಕಿನ ತೀವ್ರತೆಗೆ ಆಸ್ಪತ್ರೆಯಲ್ಲಿ ಬಳಸುವ 42 ಅಂಕದ ಎನ್‌ಐಎಚ್ ಅಳತೆಯಲ್ಲೂ ಮಾತಿಗೆ ಸಂಬಂಧಿಸಿದ್ದಕ್ಕೆ 7 ಅಂಕ, ಎಡಮರವೆಗೆ 2 ಮಾತ್ರ. ಕಣ್ಣು-ತಲೆ ಬಲಕ್ಕೇ ನೆಟ್ಟಿರುವುದು, ಎಡದಿಂದ ಕರೆದರೆ ಓಗೊಡದಿರುವುದು, ತನ್ನ ಎಡಗೈ ತನ್ನದಲ್ಲ ಎನ್ನುವುದು ಇದ್ದಕ್ಕಿದ್ದಂತೆ ಕಂಡರೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಸಮಯ 4.5 ಗಂಟೆ, ಅದು ಎಣಿಕೆಯಾಗುವುದು ಕೊನೆಯ ಸಲ ಸರಿಯಿದ್ದುದನ್ನು ಯಾರಾದರೂ ನೋಡಿದ ಹೊತ್ತಿನಿಂದ. "ನನಗೇನೂ ಆಗಿಲ್ಲ, ಆಸ್ಪತ್ರೆ ಬೇಡ" ಎಂದು ರೋಗಿಯೇ ಹೇಳುತ್ತಾರೆ. ಆ ಮಾತೇ ಲಕ್ಷಣ.

ಗುಣಿತಾಕ್ಷರ

ಮದ್ದಿನ ಚೀಟಿ ಮರೆತಿದ್ದೆವು. ವೈದ್ಯರು 1-0-1 ಎಂದು ಅಡ್ಡಕ್ಕೆ ಬರೆಯುತ್ತಾರೆ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಎಡಮರವೆಯವರು ಅದರ ಎಡತುದಿ ಬಿಟ್ಟು 0-1 ಎಂದು ಓದಿದರೆ ಹೋಗುವುದು ಬೆಳಗಿನ ಗುಳಿಗೆ. ವಾರದ ಗುಳಿಗೆ ಡಬ್ಬಿಯಲ್ಲೂ ಎಡದ ಖಾನೆಗಳು ತುಂಬಿಯೇ ಉಳಿಯುತ್ತವೆ. ಕೈಪಿಡಿಯ ಕೊನೆಯಲ್ಲಿ ಖಾಲಿ ಪಟ್ಟಿ ಕೊಡುವುದಾದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯನ್ನು ಒಂದರ ಕೆಳಗೆ ಒಂದು ಅಚ್ಚು ಹಾಕಿಸಿ, ಹಾಳೆಯ ಬಲಭಾಗಕ್ಕೆ.